ಚೀನಾ ಕಾರಿಗೆ ಕುರುಗೋಡಿನ ಪರೀಕ್ಷೆ

ಒಂದು ಸಾಮಾನು ಗಟ್ಟಿಯೋ ಅಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಒಬ್ಬ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಕೆಲವರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ, ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ಅವರಿಗೆ ಏನು ಕೇಳಿಸಿತು ಎಂದು ನಾವು ವಿಚಾರಿಸುವುದಿಲ್ಲ. ಮನೆಗೆ ತಂದು ಒಡೆದಾಗ ಕೊಳೆತಿದ್ದರೆ ಕಾಯಿಯನ್ನು ಬಯ್ಯುತ್ತೇವೆಯೇ ಹೊರತು ಅಲ್ಲಾಡಿಸಿದವರನ್ನಲ್ಲ. ನಮ್ಮ ಬಂಧುಬಳಗದಲ್ಲಿ ಆ ಅಲ್ಲಾಡಿಸುವ ಮನುಷ್ಯ ನಾನು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಜೀನ್ಸ್ ಪ್ಯಾಂಟಿಗೆ ಬೇಕಾಗುವ ಜಿಪ್ಪು, ಗುಂಡಿ, ದಾರ ಇವೇ ನನ್ನ ಮಾಲು. ಜಿಪ್ಪನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಎಳೆದು "ಬಾಳಿಕೆ ಬರ್ತೈತಿ, ತಗೊಂಡು ಹೋಗ್ರಿ" ಎನ್ನುವುದು ನನ್ನ ಉದ್ಯೋಗ. ಇಷ್ಟೇ ಅರ್ಹತೆಯ ಮೇಲೆ ತಂಗಿಯ ಮನೆಗೆ ಫ್ರಿಜ್ ಕೊಳ್ಳುವಾಗ ನನ್ನನ್ನು ಕರೆದರು. ಪಕ್ಕದ ಮನೆಯವರು ಬೋರ್‌ವೆಲ್ ಪಂಪ್ ತರುವಾಗ ಕರೆದರು. ಒಮ್ಮೆ ಗಂಡು ನೋಡಲಿಕ್ಕೂ ಕರೆದರು. ಹುಡುಗನ ಎದುರು ಕೂತು, ಎಲ್ಲಿ ಹಿಡಿದು ಎಳೆದು ನೋಡಬೇಕೆಂದು ತಿಳಿಯದೆ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು ಎದ್ದು ಬಂದೆ. ಆ ಸಂಸಾರ ಚೆನ್ನಾಗಿ ನಡೆದಿದೆ. ಕೀರ್ತಿ ನನಗೆ ಬಂತು.

ಇಂಥ ಕೀರ್ತಿವಂತ ಒಂದು ಕಾರಿನ ಮುಂದೆ ಮಾತು ಸೋತ ಕಥೆ ಇದು. ನನ್ನ ಹೆಂಡತಿ ಗಿರಿಜಾ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಅವಳಿಗೆ ಹೆಡ್‌ಮಿಸ್ಟ್ರೆಸ್ ಆಗಿ ಬಡ್ತಿ ಬರುವ ಕಾಲ ಬಂತು. ನಮ್ಮಲ್ಲಿ ಬಡ್ತಿ ಎಂದರೆ ಸುಮ್ಮನೆ ಹಾರ ಹಾಕಿಸಿಕೊಳ್ಳುವುದಲ್ಲ. ಕೌನ್ಸೆಲಿಂಗ್ ಎಂದು ಕರೆದು, ಖಾಲಿ ಇರುವ ಊರುಗಳನ್ನು ತೋರಿಸಿ, ಇದರಲ್ಲಿ ಒಂದು ಆರಿಸು ಎನ್ನುತ್ತಾರೆ. ಬೇಡವೆಂದರೆ ಬೇಡ ಎಂದು ಬರೆದುಕೊಟ್ಟು ಇದ್ದಲ್ಲೇ ಇರಬಹುದು. ಅವಳ ಸರದಿಗೆ ಉಳಿಯಬಹುದಾಗಿದ್ದದ್ದು ಸಿರುಗುಪ್ಪದಿಂದಲೂ ಆಚೆ, ಹೊಳೆಯ ಕಡೆಯ ಒಂದು ಹಳ್ಳಿ. ಆ ಊರಿಗೆ ಬಸ್ಸಿದೆ. ಆದರೆ ಅದು ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತದೆ, ಕೊನೆಯ ಪೀರಿಯಡ್ ಶುರುವಾಗುವ ಮುಂಚೆ ಹೊರಟುಬಿಡುತ್ತದೆ. ಮಕ್ಕಳು ಹೀಗೆ ಬಂದು ಹೀಗೆ ಹೋದರೆ ಹೆಡ್‌ಮಿಸ್ಟ್ರೆಸ್ ಕಿವಿ ಹಿಂಡಬಹುದು. ಹೆಡ್‌ಮಿಸ್ಟ್ರೆಸ್ಸೇ ಹೀಗೆ ಮಾಡಿದರೆ ಯಾರು ಯಾರ ಕಿವಿ ಹಿಂಡುವುದು? ಅಲ್ಲೇ ಮನೆ ಮಾಡೋಣವೆಂದರೆ ನನ್ನ ಅಂಗಡಿ ಇಲ್ಲಿ, ಮಗಳ ಪಿಯುಸಿ ಇಲ್ಲಿ. "ಕಾರಿದ್ರ ತಗೋತೀನ್ರಿ. ಇಲ್ಲಂದ್ರ ಬ್ಯಾಡ ಅಂತ ಬರದು ಕೊಟ್ಟು ಬರ್ತೀನಿ" ಎಂದಳು ಗಿರಿಜಾ, ರೊಟ್ಟಿ ತಟ್ಟುತ್ತ. ಬೇಡ ಎನ್ನುವ ಶಬ್ದಕ್ಕೆ ಅವಳ ಕೈ ರೊಟ್ಟಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಡಿಯಿತು. ತನ್ನ ಕೈಯಲ್ಲೊಂದು ಶಾಲೆ ಸಿಕ್ಕರೆ ಏನೇನು ಮಾಡಬೇಕೆಂದು ಅವಳು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದುದನ್ನು ಕೇಳಿದವನು ನಾನು. 

ಕಾರು ಓಡಿಸಲು ಅವಳು ಬೇಸಗೆ ರಜೆಯಲ್ಲಿ ಕಲಿತಿದ್ದಳು. ಡ್ರೈವಿಂಗ್ ಸ್ಕೂಲಿಗೆ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದವನು ನಾನು. ನಾನು ಸ್ಕೂಟರಿನವನು. ನಾಲ್ಕು ಗಾಲಿಗಳು ಒಟ್ಟಿಗೆ ಒಂದೇ ಕಡೆ ಹೋಗುತ್ತವೆ ಎಂಬುದರ ಮೇಲೆ ನನಗೆ ಮೊದಲಿನಿಂದಲೂ ಭರವಸೆ ಕಡಿಮೆ. ಹಾಗಾಗಿ ಕಾರಿನ ಆಯ್ಕೆಯನ್ನು ಅವಳಿಗೇ ಬಿಟ್ಟಿದ್ದೆ. ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿದಳು. ಪುಟ್ಟ ಕಾರು, ದುಂಡು ಮುಖ, ನೋಡಿದರೆ ಕೆನ್ನೆ ಹಿಂಡಬೇಕು ಅನ್ನಿಸುವಂಥದ್ದು. ಪೆಟ್ರೋಲ್ ಬೇಡ, ಕರೆಂಟಿನಲ್ಲಿ ಓಡುತ್ತದೆ. ನಮ್ಮ ಕೈಗೆಟಕುವ ಕಾರುಗಳಲ್ಲಿ ಕಾಲು ಚಾಚಲು ಜಾಗ ಇದ್ದದ್ದು ಇದರಲ್ಲೇ. "ಕಂಪನಿ ಯಾವುದು?" ಎಂದೆ. "ಚೀನಾದ್ದು" ಎಂದಳು. ನನ್ನ ಎದೆ ಧಸಕ್ಕೆಂದಿತು.

ಎದೆ ಧಸಕ್ಕೆನ್ನಲು ಕಾರಣ ಇತ್ತು. ನನ್ನ ಅಂಗಡಿಯ ಅರ್ಧ ಮಾಲು ಅಲ್ಲಿಂದಲೇ ಬರುವುದು. ಗಿರಾಕಿ ಕೊಳ್ಳುವಾಗ ನಾನು "ಇಂಪೋರ್ಟೆಡ್ ಐತ್ರಿ" ಎಂದು ಗಂಭೀರವಾಗಿ ಹೇಳುತ್ತೇನೆ. ಅದೇ ಗಿರಾಕಿ ಹಲ್ಲು ಕಿತ್ತ ಜಿಪ್ಪನ್ನು ಹಿಡಿದು ವಾಪಸು ಬಂದಾಗ "ಚೀನಾ ಮಾಲ್ ಅಲ್ರೀ, ಮತ್ತೇನ್ ಇರ್ತೈತಿ?" ಎಂದು ಅವನ ಜೊತೆ ಸೇರಿ ನಾನೂ ನಿಟ್ಟುಸಿರು ಬಿಡುತ್ತೇನೆ. ನ್ಯಾಯವಾಗಿ ಹೇಳಬೇಕೆಂದರೆ ಚೀನಾದಲ್ಲಿ ಒಂದೇ ಜಿಪ್ಪು ಇಲ್ಲ. ಹತ್ತು ವರ್ಷ ಬರುವುದೂ ಇದೆ, ಹತ್ತನೇ ಸಲ ಎಳೆದಾಗ ಕೈಗೆ ಬರುವುದೂ ಇದೆ. ಯಾವುದು ಬೇಕು ಎಂದು ಅವರು ಕೇಳುತ್ತಾರೆ. ನಾವು ಎರಡನೆಯದನ್ನು ತರಿಸಿ, ಆಮೇಲೆ ಇಡೀ ದೇಶವನ್ನು ಬಯ್ಯುತ್ತೇವೆ. ಇದೆಲ್ಲ ನನಗೆ ಗೊತ್ತು. ಆದರೆ ಗೊತ್ತಿರುವುದು ತಲೆಯಲ್ಲಿ, ಧಸಕ್ಕೆನ್ನುವುದು ಎದೆ. ಜಿಪ್ಪು ಕೈಕೊಟ್ಟರೆ ಅಂಗಿಯನ್ನು ಹೊರಗೆ ಬಿಟ್ಟು ಮರ್ಯಾದೆ ಉಳಿಸಿಕೊಳ್ಳಬಹುದು. ಗದ್ದೆಬಯಲಿನ ನಡುವೆ ಹೆಂಡತಿ ಕೂತ ಕಾರು ಕೈಕೊಟ್ಟರೆ ಏನನ್ನು ಹೊರಗೆ ಬಿಡುವುದು?

ನನ್ನ ಸಂಕಟವನ್ನು ಖಾದರ್ ಭಾಯ್ ಮುಂದೆ ತೋಡಿಕೊಂಡೆ. ಖಾದರ್ ಭಾಯ್ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇಟ್ಟವರು, ನನ್ನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಸ್ನೇಹಿತ. ಲೋಕದ ಎಲ್ಲ ವಿಷಯವನ್ನೂ ಫೋನಿನ ವಿಡಿಯೋದಲ್ಲಿ ನೋಡಿ ತಿಳಿದುಕೊಳ್ಳುವವರು. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬಂದು ಫೋನನ್ನು ನನ್ನ ಮೂಗಿನ ತುದಿಗೆ ಹಿಡಿದರು. "ವೀರೇಶಣ್ಣ, ನೋಡ್ರಿ ಇಲ್ಲಿ. ಬೆಂಕಿ ಹತ್ತೈತಿ." ಹೌದು, ರಸ್ತೆಯ ಮೇಲೆ ಧಗಧಗ ಉರಿಯುತ್ತಿತ್ತು. "ಯಾವ ಕಾರಿದು?" ಎಂದೆ. "ಯಾವುದಾದ್ರೇನ್ರಿ? ಬೆಂಕಿ ಹೌದಲ್ಲ?" ಸ್ವಲ್ಪ ಮುಂದಕ್ಕೆ ಓಡಿಸಿ ನೋಡಿದರೆ ಉರಿಯುತ್ತಿದ್ದದ್ದು ಹುಲ್ಲಿನ ಲಾರಿ. ಖಾದರ್ ಭಾಯ್ ಸ್ವಲ್ಪವೂ ನಾಚದೆ ಇನ್ನೊಂದು ತೋರಿಸಿದರು. ಅದರಲ್ಲಿ ಕಪ್ಪು ಕನ್ನಡಕದವನೊಬ್ಬ ಗಿರಿಜಾ ಆರಿಸಿದ ಕಾರಿನದೇ ಬಾಗಿಲನ್ನು ಮುದ್ದಾಡುತ್ತಿದ್ದ. ಎರಡನ್ನೂ ನೋಡಿ ಮುಗಿಸಿದ ಮೇಲೆ ಖಾದರ್ ಭಾಯ್ ಚಹಾ ಹೀರಿ, ಫೋನು ಕಿಸೆಗಿಟ್ಟು, ವಿಡಿಯೋದಲ್ಲಿಲ್ಲದ ಒಂದು ಮಾತು ಹೇಳಿದರು: "ನಮ್ಮ ಮಾಲ್ ತಗೊಂಡು ನಾನು ಹೊರಗಿನ ಊರಿಗೆ ಹೋದ್ರ ಏನಂತಾರ ಗೊತ್ತೇನ್ರಿ? 'ಬಳ್ಳಾರಿ ಜೀನ್ಸಾ? ಒಂದು ನೀರಿಗೆ ಬಣ್ಣ ಹೋಗಂಗಿಲ್ಲ ಹೌದಲ್ಲ?' ಅಂತಾರ. ನಾನು ಸಿಟ್ಟಿಗೆ ಬರಂಗಿಲ್ಲ. ತೊಳದು ನೋಡ್ರಿ ಅಂತೀನಿ. ನೀವೂ ತೊಳದು ನೋಡ್ರಿ." ಮಾತು ಚೆನ್ನಾಗಿತ್ತು. ಆದರೆ ಕಾರನ್ನು ಕೊಳ್ಳುವ ಮುಂಚೆ ತೊಳೆದು ನೋಡುವುದು ಹೇಗೆ?

ಶೋರೂಮಿಗೆ ಹೋದೆವು. ಟೈ ಕಟ್ಟಿದ ಯುವಕ "ರಂಡಿ ಸಾರ್, ಬರ್ರಿ ಮೇಡಂ" ಎಂದು ತೆಲುಗು, ಕನ್ನಡ ಎರಡು ಭಾಷೆಯಲ್ಲೂ ಸ್ವಾಗತಿಸಿದ. ಗಿರಿಜಾ ಬ್ಯಾಟರಿ, ಚಾರ್ಜಿಂಗ್, ಸರ್ವೀಸ್ ಎಂದು ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿದವಳಂತೆ ಪ್ರಶ್ನೆ ಕೇಳತೊಡಗಿದಳು. ನಾನು ನನ್ನ ಪಾಲಿನ ಪರೀಕ್ಷೆಗೆ ಇಳಿದೆ. ಬಾಗಿಲು ತೆಗೆದೆ, ಹಾಕಿದೆ. ಮತ್ತೆ ತೆಗೆದೆ, ಹಾಕಿದೆ. ಧಪ್ ಎಂದಿತು. ಧಪ್ ಎನ್ನುವುದು ಒಳ್ಳೆಯದೋ, ಠಪ್ ಎನ್ನಬೇಕಾಗಿತ್ತೋ ನನಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದೆ. ಗಾಲಿಗೆ ಒದ್ದೆ. ಕೊನೆಗೆ ಒಳಗೆ ಕೂತಾಗ ನನ್ನ ಕೈಗೆ ಪರಿಚಯದ ವಸ್ತು ಒಂದು ಸಿಕ್ಕಿತು: ಸೀಟಿನ ಹೊಲಿಗೆ. ಬೆರಳಿನಲ್ಲಿ ಎಳೆದು ನೋಡಿ, "ಗಿರಿಜಾ, ಡಬಲ್ ಹೊಲಿಗಿ ಹಾಕ್ಯಾರ! ದಾರ ಚಲೋ ಐತಿ!" ಎಂದು ಕೂಗಿದೆ. ಶೋರೂಮಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು, ಗಿರಿಜಾ ಒಬ್ಬಳನ್ನು ಬಿಟ್ಟು. ಇನ್ನು ಸುಮ್ಮನಿದ್ದರೆ ಮರ್ಯಾದೆ ಇಲ್ಲವೆಂದು ಇಳಿದು ಬಂದು ಕೇಳಿದೆ: "ವಾರಂಟಿ ಅಂತೀರಿ. ವಾರಂಟಿ ಕೊಡೋ ಕಂಪನಿ ನಾಳೆ ಈ ದೇಶ ಬಿಟ್ಟು ಹೋದ್ರ ಅದಕ್ಕ ವಾರಂಟಿ ಯಾರು ಕೊಡ್ತಾರ?" ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಗಿರಿಜಾ ಕೂಡ ಉತ್ತರಕ್ಕಾಗಿ ಅವನ ಮುಖ ನೋಡಿದಳು. ಉತ್ತರದ ಬದಲು ಕಾಫಿ ಬಂತು.

ಇನ್ನು ಉಳಿದದ್ದು ಕುರುಗೋಡು. ಅಲ್ಲಿರುವವರು ನನ್ನ ಮಾವ ದೊಡ್ಡಬಸಪ್ಪನವರು. ಭತ್ತ, ಮೆಣಸಿನಕಾಯಿ ಬೆಳೆಯುವವರು, ಈಗಲೂ ದಿನಾ ಹೊಲಕ್ಕೆ ಹೋಗಿ ಬರುವವರು. ಅವರ ಒಪ್ಪಿಗೆ ಇಲ್ಲದೆ ಗಿರಿಜಾ ದೊಡ್ಡ ಕೆಲಸ ಯಾವುದನ್ನೂ ಮಾಡಿದವಳಲ್ಲ. ನನ್ನನ್ನು ಮದುವೆಯಾದದ್ದೂ ಅವರು ಹೂಂ ಅಂದ ಮೇಲೆಯೇ. ಹಬ್ಬಕ್ಕೆ ಹೋದಾಗ ವಿಷಯ ಎತ್ತಿದೆವು. ಮಾವನವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು.

"ಚೀನಾದ್ದಾ?"

"ಹೌದಪ್ಪ" ಎಂದಳು ಗಿರಿಜಾ.

"ಬ್ಯಾಟ್ರಿ ಮ್ಯಾಲ ಓಡತೈತಿ?"

"ಹೌದು."

"ಯವ್ವಾ, ಹೊಲಕ್ಕ ಹೋಗಾಕ ಒಂದು ಚೀನಾ ಬ್ಯಾಟ್ರಿ ತಂದಿದ್ದೆ ನಾನು. ಬೆಳಕು ಬಿಟ್ಟು ನೋಡತೀನಿ, ಎದುರಿಗೆ ಇಷ್ಟುದ್ದ ಹಾವು. ಅದನ್ನ ತೋರಿಸಿ ಆರಿಬಿಡ್ತು. ಆ ಹಾವು ಎಡಕ್ಕ ಹೋತೋ ಬಲಕ್ಕ ಹೋತೋ ನಂಗಿನ್ನೂ ಗೊತ್ತಿಲ್ಲ." ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಆ ಬ್ಯಾಟರಿಗೂ ಈ ಬ್ಯಾಟರಿಗೂ ಸಂಬಂಧವಿಲ್ಲ ಎಂದು ವಿವರಿಸುವ ಧೈರ್ಯ, ಹಾವನ್ನು ಅಷ್ಟು ಹತ್ತಿರದಿಂದ ಕಂಡವರ ಮುಂದೆ, ನನಗೆ ಬರಲಿಲ್ಲ. ಅವರು ಅಂಗಳದಲ್ಲಿ ನಿಂತ ತಮ್ಮ ಹಳೆಯ ಜೀಪಿನ ಕಡೆ ಕೈ ತೋರಿಸಿದರು. "ಇದನ್ನ ನೋಡ್ರಿ ಅಳಿಯಂದ್ರ. ಕೋಳೂರು ಕ್ರಾಸಿನ ತನಕ ಮಾತಾಡದಂಗ ಹೋಗ್ತೈತಿ. ಅಲ್ಲಿ ನಿಂದ್ರತೈತಿ. ನೀರು ಹಾಕಿ, ಒಂದು ಬೀಡಿ ಸೇದೋ ಹೊತ್ತು ಬಿಟ್ರ ಮತ್ತ ಹೊಂಡತೈತಿ. ಎಲ್ಲಿ ನಿಂದ್ರತೈತಿ ಅಂತ ಮೊದಲ ಗೊತ್ತಿರ್ತೈತಿ ನೋಡ್ರಿ, ಅದಕ್ಕ ನಂಬಿಕಿ ಅಂತಾರ." ನಂಬಿಕೆಗೆ ಇಷ್ಟು ಸ್ಪಷ್ಟವಾದ ಅರ್ಥವನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಗಿರಿಜಾಳ ಮುಖ ಸಣ್ಣದಾದುದನ್ನು ಅವರೂ ಕಂಡಿರಬೇಕು. ಎಲೆಯನ್ನು ಮತ್ತೆ ಮೆಲ್ಲುತ್ತ ದನಿ ತಗ್ಗಿಸಿ ಹೇಳಿದರು: "ಹೊಸಾದು ಎಲ್ಲಾನೂ ಮಿಂಚತೈತಿ ಯವ್ವಾ. ನಮ್ಮ ಮಣ್ಣಾಗ ಓಡಿ ಹಳೇದಾಗಿದ್ದು ಒಂದು ಇದ್ರ ತೋರಿಸು. ಆಮ್ಯಾಲ ಮಾತಾಡೋಣು."

ಹಳೆಯದಾದದ್ದು ಒಂದಿತ್ತು. ಗಿರಿಜಾಳ ಹಳೆಯ ವಿದ್ಯಾರ್ಥಿನಿ ಸುಗುಣ ಈಗ ಸಿರುಗುಪ್ಪದ ಕಡೆ ಪಶುವೈದ್ಯೆ. ಅದೇ ಕಾರನ್ನು ಕೊಂಡು ಹಳ್ಳಿ ಹಳ್ಳಿ ತಿರುಗುತ್ತಾಳೆ ಎಂದು ಯಾರೋ ಹೇಳಿದ್ದರು. ಫೋನು ಮಾಡಿದರೆ, "ಬರ್ರಿ ಮೇಡಂ, ನೀವೇ ಓಡಿಸಿ ನೋಡೀರಂತ" ಎಂದಳು. ಭಾನುವಾರ ನಾವಿಬ್ಬರೂ ಬಳ್ಳಾರಿಯಿಂದ ಬಸ್ಸು ಹತ್ತಿದೆವು. ಮಾವನವರು ಕುರುಗೋಡಿನಿಂದ ಬೇರೆ ಬಸ್ಸಿನಲ್ಲಿ ಬಂದರು; ನಂಬಿಕೆಯ ಜೀಪು ಅಷ್ಟು ದೂರಕ್ಕೆ ಒಪ್ಪಿರಲಿಲ್ಲ. ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಹೊರಗೆ ಸುಗುಣಳ ಕಾರು ಬಂದು ನಿಂತಿತು. ಶೋರೂಮಿನಲ್ಲಿ ಕೆನ್ನೆ ಹಿಂಡಬೇಕೆನಿಸಿದ್ದ ಕಾರು ಇದೇನಾ ಎಂದು ನನಗೆ ಗುರುತು ಹತ್ತಲಿಲ್ಲ. ಒಂದು ಕಾಲಕ್ಕೆ ಬಿಳಿ ಇದ್ದಿರಬಹುದು. ಕಿಟಕಿಯ ತನಕ ಗದ್ದೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಹಿಂದಿನ ಬಂಪರನ್ನು ದನ ಕಟ್ಟುವ ಹಗ್ಗದಿಂದ ಬಿಗಿದಿದ್ದರು. ಒಳಗೆ ಲಸಿಕೆಯ ಪೆಟ್ಟಿಗೆ, ಒಣಹುಲ್ಲಿನ ಕಟ್ಟು, ಸೀಟಿನ ತುಂಬ ಆಡಿನ ಕೂದಲು, ಜೊತೆಗೆ ಆಡಿನದೇ ವಾಸನೆ. ಮಾವನವರು ಬಾಗಿಲು ತೆರೆದು ದೀರ್ಘವಾಗಿ ಉಸಿರೆಳೆದುಕೊಂಡರು. ಅವರ ಮುಖ ಅರಳಿತು. "ಹಾಂ, ಇದು ಗಾಡಿ ಇದ್ದಂಗೈತಿ" ಎಂದು ಒಳಗೆ ಕೂತರು.

ಗಿರಿಜಾಳನ್ನು ಸ್ಟಿಯರಿಂಗ್ ಹತ್ತಿರ ಕೂರಿಸಿ ಸುಗುಣ ಪಕ್ಕದಲ್ಲಿ ಕೂತಳು. ನಾನೂ ಮಾವನವರೂ ಹಿಂದೆ, ನಡುವೆ ಹುಲ್ಲಿನ ಕಟ್ಟು. ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಮಾವನವರು ಮುಂದಕ್ಕೆ ಬಾಗಿ, "ಗಿರಿಜವ್ವ, ಎಂಜಿನ್ ಬಂದ್ ಆಗೈತಿ ನೋಡು" ಎಂದರು. "ಇಲ್ಲಪ್ಪ, ಹೊಂಟೀವಿ" ಎಂದಳು. ಕಿಟಕಿಯಾಚೆ ಗದ್ದೆಗಳು ಹಿಂದಕ್ಕೆ ಓಡುತ್ತಿರುವುದನ್ನು ಕಣ್ಣಾರೆ ಕಂಡ ಮೇಲೂ ಅವರು ಸುತ್ತ ಒಮ್ಮೆ ಅನುಮಾನದಿಂದ ಕಿವಿಗೊಟ್ಟರು. ನನಗೆ ಬೇರೆಯದೇ ಕೇಳಿಸುತ್ತಿತ್ತು. "ಏನೋ ಕಟ ಕಟ ಅಂತೈತಿ. ಕೆಳಗಡೆಯಿಂದ!" ಎಂದೆ. ಸುಗುಣ ಹಿಂದಕ್ಕೆ ಕೈ ಚಾಚಿ ನನ್ನ ಕಾಲ ಬಳಿ ಇದ್ದ ಔಷಧಿಯ ಡಬ್ಬವನ್ನು ಸರಿಪಡಿಸಿದಳು. ಕಟಕಟ ನಿಂತಿತು.

"ದಾರಿಯಾಗ ಯಾವಾಗಾರ ನಿಂತೈತೇನಮ್ಮ?" ಎಂದು ಮುಖ್ಯ ಪ್ರಶ್ನೆ ಕೇಳಿದೆ.

"ಒಂದ್ಸಲಾನೂ ನಿಂತಿಲ್ಲ ಸರ್. ಸುಳ್ಳು ಯಾಕ ಹೇಳ್ಲಿ? ಆದ್ರ ಒಂದು ಹೋರಿ ಗುದ್ದಿ ಬಂಪರ್ ಒಡೀತು. ಹೊಸಾದು ಬರ್ತೈತಿ ಬರ್ತೈತಿ ಅಂತ ಕಾಯ್ಕೊಂತ ಕುಂತೆ. ಅಷ್ಟರಾಗ ನಾನು ಇಂಜೆಕ್ಷನ್ ಕೊಟ್ಟು ಗಬ್ಬ ಮಾಡಿಸಿದ ಎಮ್ಮಿ ಕರು ಹಾಕ್ತು, ಬಂಪರ್ ಬರಲಿಲ್ಲ. ಹಗ್ಗ ಕಟ್ಟಿಬಿಟ್ಟೆ. ಈ ಕಡೀ ಕಿಟಕಿ ಗುಂಡಿ ಒತ್ತಿದ್ರ ಗಾಜು ಇಳಿಯಂಗಿಲ್ಲ. ಕಂಪನಿ ಹೇಳಿದಷ್ಟು ದೂರ ಹೋಗಂಗಿಲ್ಲ, ಮುಕ್ಕಾಲು ಅಂತ ಹಿಡ್ಕೊಳ್ರಿ. ಬ್ಯಾಸಗಿಯಾಗ ಎ.ಸಿ. ಹಾಕಿದ್ರ ಇನ್ನೂ ಕಮ್ಮಿ."

"ಕರೆಂಟ್ ಹೋದ್ರ?"

"ಇದ್ದಾಗ ತುಂಬಿಸಿಟ್ಕೋಬೇಕ್ರಿ, ಮನಿಯಾಗ ನೀರು ತುಂಬಿಸಿಟ್ಟಂಗ."

ನನಗೆ ಆಶ್ಚರ್ಯವಾದದ್ದು ಏನೆಂದರೆ, ಅವಳು ಒಂದೊಂದು ಕೊರತೆ ಹೇಳಿದಂತೆಲ್ಲ ನನ್ನ ಎದೆ ಹಗುರಾಗುತ್ತ ಬಂತು. ಕಪ್ಪು ಕನ್ನಡಕದವನ ಹೊಗಳಿಕೆ ಹುಟ್ಟಿಸದ ಧೈರ್ಯವನ್ನು ಆ ಹಗ್ಗದ ಬಂಪರು ಹುಟ್ಟಿಸಿತು. ಇಷ್ಟೆಲ್ಲ ಆದಮೇಲೂ ಇವಳು ಇದನ್ನೇ ಓಡಿಸುತ್ತಿದ್ದಾಳಲ್ಲ!

ಆಗ ಸುಗುಣಳ ಫೋನು ರಿಂಗಾಯಿತು. ಕೆಂಚನಗುಡ್ಡದ ಆಚೆ ಗದ್ದೆಯಲ್ಲಿ ಮನೆ ಮಾಡಿಕೊಂಡಿರುವ ಹುಲಿಗೆಮ್ಮ ಎಂಬವಳ ಎಮ್ಮೆ ಬೆಳಗಿನಿಂದ ನೋವು ತಿನ್ನುತ್ತಿದೆ, ಕರು ಅಡ್ಡ ಬಂದಿದೆ. ಫೋನಿನಲ್ಲಿ ಆಕೆ ಅಳುತ್ತಿದ್ದುದು ಹಿಂದಿನ ಸೀಟಿಗೂ ಕೇಳಿಸಿತು. "ಮೇಡಂ, ನಾನು ತಗೋತೀನಿ" ಎಂದು ಸುಗುಣ ಸ್ಟಿಯರಿಂಗ್ ಕಡೆ ನೋಡಿದಳು. "ಇಳಿದು ಹತ್ತೋದು ಬ್ಯಾಡ, ದಾರಿ ಹೇಳು" ಎಂದಳು ಗಿರಿಜಾ. ಆಮೇಲೆ ಹೋದ ವೇಗವನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ಹಳೆಯ ಕಲ್ಲುಗೋಡೆಗಳ ಪಕ್ಕ ತಿರುಗಿ, ಡಾಂಬರು ಬಿಟ್ಟು, ಕಾಲುವೆಯ ಏರಿಗೆ ಇಳಿದದ್ದು ನನ್ನ ಬೆನ್ನಿಗೆ ತಿಳಿಯಿತು. ಗದ್ದೆಗೆ ನೀರು ಬಿಟ್ಟ ದಿನಗಳು ಅವು. ಒಂದು ಕಡೆ ಕಾಲುವೆ ಸೋರಿ ದಾರಿ ರಾಡಿಯಾಗಿತ್ತು. ಕಾರು ಅದರಲ್ಲಿ ನುಗ್ಗಿ, ಒಮ್ಮೆ ಗುಟುರು ಹಾಕುವಂತೆ ಅಲುಗಿ, ಕೂತುಬಿಟ್ಟಿತು.

"ಆತು" ಎಂದರು ಮಾವನವರು. ಅವರು ಗೆದ್ದ ಖುಷಿಯಲ್ಲಿ ಹೇಳಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ಕಣ್ಣು ಗದ್ದೆಯಾಚೆಯ ಗುಡಿಸಲಿನ ಮೇಲಿತ್ತು. ಅಲ್ಲಿ ಒಬ್ಬ ಹೆಂಗಸು ಸೆರಗು ಬೀಸಿ ಕರೆಯುತ್ತಿದ್ದಳು. ಸುಗುಣ ಚೀಲ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಓಡಿದಳು. ಆದರೆ ಕರು ಎಳೆಯುವ ಸಾಮಾನು, ನೀರಿನ ಕ್ಯಾನು, ಔಷಧಿ ಎಲ್ಲ ಕಾರಿನಲ್ಲೇ. ಹೊತ್ತುಕೊಂಡು ಹೋಗಲು ನಾವಿಬ್ಬರು ಮುದುಕರು ಆ ಕೆಸರಿನಲ್ಲಿ ಎಷ್ಟು ಹೊತ್ತಿಗೆ ತಲುಪಿಯೇವು? ನಾನು ಇಳಿದೆ. ಎಡಗಾಲು ಬಂತು, ಚಪ್ಪಲಿ ಬರಲಿಲ್ಲ. ಹಿಂದಿನಿಂದ ತಳ್ಳುತ್ತ "ಜೋರ್ ಕೊಡು ಗಿರಿಜಾ, ಜೋರ್ ಕೊಡು!" ಎಂದು ಕೂಗಿದೆ. ಮಾವನವರು ಮುಂದೆ ನಿಂತು "ಎಡಕ್ಕ ಹೊಡಿ, ಎಡಕ್ಕ!" ಎಂದರು. ನಾನು "ಬಲಕ್ಕ!" ಎಂದೆ. ಗಾಲಿ ತಿರುಗಿ ಕೆಸರೆಲ್ಲ ನನ್ನ ಮುಖಕ್ಕೆ ಬಂತು.

"ಇಬ್ಬರೂ ಸುಮ್ಮನಿರ್ರಿ!" ಎಂಬ ದನಿ ಕೇಳಿಸಿತು. ನಮ್ಮ ಮನೆಯಲ್ಲಿ ಎಂದೂ ಕೇಳದ ದನಿ; ಎಂಟನೇ ತರಗತಿಯ ಕೊನೆಯ ಬೆಂಚಿಗೆ ಮೀಸಲಾದದ್ದು. ನಾನೂ ಮಾವನವರೂ ಕೈ ಕಟ್ಟಿ ನಿಂತೆವು. ಗಿರಿಜಾ ಇಳಿದು, ಸೀರೆ ಎತ್ತಿ ಸಿಕ್ಕಿಸಿ, ಗಾಲಿಗಳನ್ನು ಬಗ್ಗಿ ನೋಡಿದಳು. ಹುಲ್ಲಿನ ಕಟ್ಟು ಬಿಚ್ಚಿಸಿದಳು. ಗಾಲಿಯ ಹಿಂದೆ ಎಲ್ಲಿ ಹಾಸಬೇಕೆಂದು ಕೈ ತೋರಿಸಿದಳು, ನಾವು ಹಾಸಿದೆವು. ಮತ್ತೆ ಕೂತು, ಜೋರೇ ಕೊಡದೆ, ಮಲಗಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ನಿಧಾನಕ್ಕೆ ಹಿಂದಕ್ಕೆ ಸರಿಸಿದಳು. ಕಾರು ನಡುಗಿತು, ಹುಲ್ಲು ಕಚ್ಚಿತು, ಮೇಲೆ ಬಂತು. ಆಮೇಲೆ ದಾರಿಯ ಒಣ ಅಂಚು ಹಿಡಿದು, ಒಂದು ಕಡೆಯ ಗಾಲಿಯನ್ನು ಹೆಚ್ಚುಕಡಿಮೆ ಗದ್ದೆಯ ಮೇಲೇ ನಡೆಸಿಕೊಂಡು ದಾಟಿಬಿಟ್ಟಳು. ಮಾವನವರು ನನ್ನ ಕಡೆ ನೋಡಿದರು. ನಾನು ಒಂದು ಚಪ್ಪಲಿಯಲ್ಲಿ ಹಿಂದೆ ಓಡಿದೆ.

ಎಮ್ಮೆಯ ಹೆರಿಗೆಯಲ್ಲಿ ನನ್ನ ಪಾತ್ರ ನೀರಿನ ಕ್ಯಾನು ಹಿಡಿಯುವುದಷ್ಟೇ. ಸುಗುಣ ಭುಜದ ತನಕ ಕೈ ಇಳಿಸಿ ಕರುವನ್ನು ತಿರುಗಿಸಿದಳು. ಮಾವನವರು ಅಂಗಿ ಬಿಚ್ಚಿಟ್ಟು ಹಗ್ಗ ಹಿಡಿದರು. ಹುಲಿಗೆಮ್ಮ ಎಮ್ಮೆಯ ಕತ್ತು ತಬ್ಬಿಕೊಂಡು ಅದಕ್ಕೆ ತೆಲುಗಿನಲ್ಲಿ ಏನೇನೋ ಸಮಾಧಾನ ಹೇಳುತ್ತಿದ್ದಳು. ಕರು ಹೊರಬಂದು ಕೆಲವು ಗಳಿಗೆ ಅಲುಗಲಿಲ್ಲ. ಮಾವನವರು ಅದರ ಮೂಗು ಒರೆಸಿ, ಒಣಹುಲ್ಲಿನಿಂದ ಎದೆ ತಿಕ್ಕಿದರು. ಅದು ಸೀನಿತು. ನಮ್ಮ ಮುಖಗಳೆಲ್ಲ ಒಟ್ಟಿಗೆ ನಕ್ಕವು. ಹುಲಿಗೆಮ್ಮ ಸ್ಟೀಲು ಲೋಟದಲ್ಲಿ ಬೆಲ್ಲದ ಚಹಾ ತಂದಳು. ಲೋಟ ಹಿಡಿದ ಮಾವನವರು ಕಾರಿನ ಸುತ್ತ ಒಂದು ಸುತ್ತು ಬಂದು, ಎತ್ತಿನ ಬೆನ್ನು ತಟ್ಟುವಂತೆ ಅದರ ಬಾನೆಟ್ಟನ್ನು ತಟ್ಟಿ, "ಗಿರಿಜವ್ವ, ಆ ಸಾಲಿ ಇಲ್ಲಿಂದ ಎಷ್ಟು ದೂರ ಐತಿ?" ಎಂದರು.

ದೂರವಿರಲಿಲ್ಲ. ಭಾನುವಾರವಾದ್ದರಿಂದ ಶಾಲೆಯ ಗೇಟಿಗೆ ಬೀಗ. ಪಕ್ಕದ ಮನೆಯವರು ಬಂದು ತೆಗೆದರು. ಅಂಗಳದಲ್ಲಿ ಬೇವಿನ ಮರ, ಗೋಡೆಯ ಮೇಲೆ ಮಾಸಿದ ಭೂಪಟ. ಗಿರಿಜಾ ಒಂದು ಕಿಟಕಿಯ ಸರಳು ಹಿಡಿದು ಒಳಗೆ ನೋಡುತ್ತ ನಿಂತಳು. ನಾನೂ ಇಣುಕಿದೆ. ಪ್ರಯೋಗಶಾಲೆ ಎಂದು ಬರೆದ ಕೋಣೆ ಅದು. ಕಪಾಟಿನಲ್ಲಿ ಧೂಳು ಬಿಟ್ಟರೆ ಒಂದು ಗಾಜಿನ ಬುರುಡೆ, ಅದೂ ಬಾಯಿ ಒಡೆದದ್ದು. "ಇಲ್ಲಿಂದ ಬೆಳಕು ಚಲೋ ಬರ್ತೈತಿ. ಮೈಕ್ರೋಸ್ಕೋಪ್ ಇಲ್ಲೇ ಇಡಬೇಕು" ಎಂದಳು, ನಮಗಲ್ಲ, ಆ ಕಿಟಕಿಗೆ. ಕೆಸರು ಮೆತ್ತಿದ ಸೀರೆಯಲ್ಲಿ ನಿಂತ ಮಗಳನ್ನು ಮಾವನವರು ಸ್ವಲ್ಪ ಹೊತ್ತು ನೋಡಿದರು. "ತಗೋ ಯವ್ವಾ" ಎಂದರು. ಕಾರನ್ನೋ, ಹುದ್ದೆಯನ್ನೋ ಎಂದು ನಾನು ಕೇಳಲು ಬಾಯಿ ತೆರೆದೆ. ಗಿರಿಜಾ ಅದಾಗಲೇ ಕಣ್ಣೊರೆಸಿಕೊಂಡು ಎರಡನ್ನೂ ತೆಗೆದುಕೊಂಡಾಗಿತ್ತು.

ಕೌನ್ಸೆಲಿಂಗಿನಲ್ಲಿ ಅವಳು ಆ ಊರಿನ ಹೆಸರು ಹೇಳಿದಾಗ ಅಲ್ಲಿದ್ದವರು "ಇನ್ನೊಮ್ಮೆ ಯೋಚನೆ ಮಾಡಿ ಮೇಡಂ" ಎಂದರಂತೆ. ಕಾರು ಬಂತು, ನೀಲಿ ಬಣ್ಣದ್ದು. ಒಂದು ಮಳೆಗಾಲ, ಒಂದು ಬೇಸಗೆ ಕಳೆದಿದೆ. ಬಾಗಿಲಿನ ರಬ್ಬರು ಪಟ್ಟಿ ಒಂದು ಬಿಸಿಲಿಗೆ ಎದ್ದು ನಿಂತಿದೆ. ಹೊಸದು ಬರುತ್ತದೆ ಎಂದು ಶೋರೂಮಿನವರು ಎರಡು ಭಾಷೆಯಲ್ಲೂ ಹೇಳುತ್ತಿದ್ದಾರೆ. ಒಮ್ಮೆ ಇಡೀ ದಿನ ಕರೆಂಟಿಲ್ಲದೆ ಗಿರಿಜಾ ಮರುದಿನ ಎ.ಸಿ. ಇಲ್ಲದೆ ಬೆವರಿಕೊಂಡು ಹೋಗಿ ಬಂದಳು. ಆದರೆ ಕಾರು ದಾರಿಯಲ್ಲಿ ನಿಂತಿಲ್ಲ. ಸಿರುಗುಪ್ಪದಿಂದ ಇನ್ನಿಬ್ಬರು ಟೀಚರುಗಳು ಅದರಲ್ಲೇ ಬರುತ್ತಾರೆ, ಹಾಗಾಗಿ ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ. ಆ ಕಿಟಕಿಯ ಬಳಿ ಮೈಕ್ರೋಸ್ಕೋಪ್ ಕೂತಿದೆ. ಈರುಳ್ಳಿಯ ಸಿಪ್ಪೆಯಲ್ಲಿ ಇಟ್ಟಿಗೆ ಗೋಡೆ ಕಂಡಿತೆಂದು ಒಬ್ಬ ಹುಡುಗಿ ಮನೆಗೆ ಓಡಿ ಹೋಗಿ ಅವ್ವನನ್ನೇ ಕರೆತಂದು ತೋರಿಸಿದಳಂತೆ. ಇದನ್ನು ಹೇಳುವಾಗ ಗಿರಿಜಾ ತಟ್ಟುವ ರೊಟ್ಟಿ ತೆಳ್ಳಗೆ, ದುಂಡಗೆ ಬರುತ್ತದೆ.

ಬ್ರೂಸ್‌ಪೇಟೆಯಲ್ಲಿ ಈಗ ಚೀನಾ ಕಾರಿನ ವಿಷಯ ಬಂದರೆ ಜನ ನನ್ನ ಅಂಗಡಿಗೆ ಬರುತ್ತಾರೆ. ನಾನು ಬಂಪರಿನಿಂದ ಶುರುಮಾಡಿ ಮುಕ್ಕಾಲು ದೂರದ ತನಕ ವಿವರವಾಗಿ ಹೇಳುತ್ತೇನೆ. ಮೊನ್ನೆ ಒಬ್ಬರು ಎಲ್ಲ ಕೇಳಿ, "ಓಡಿಸಾಕ ಹೆಂಗೈತ್ರಿ?" ಎಂದುಬಿಟ್ಟರು. ನಾನು ದಾರದ ಉಂಡೆ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಅಂದೇ ಸಂಜೆ ಗಿರಿಜಾಗೆ, ನನಗೂ ಕಲಿಸು ಎಂದೆ. ಅವಳು ಖುಷಿಯಾಗಿ ಒಪ್ಪಿದಳು. ಜನ ಇಲ್ಲದ ಜಾಗ ಬೇಕೆಂದು ಕುರುಗೋಡಿನ ತೋಟದ ಕಣಕ್ಕೆ ಕರೆದುಕೊಂಡು ಹೋದಳು. ಜನ ಇರಲಿಲ್ಲ, ನಿಜ. ಮಾವನವರು ಮಾತ್ರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಬೆಲ್ಟು ಹಾಕಿ, ಕನ್ನಡಿ ಸರಿಮಾಡಿ, ದೇವರನ್ನು ನೆನೆದು ಕಾಲು ಒತ್ತಿದೆ. ಬ್ರೇಕು ಎಂದುಕೊಂಡು ಒತ್ತಿದ್ದು ಬ್ರೇಕಾಗಿರಲಿಲ್ಲ. ಕಾರು ಸದ್ದೇ ಇಲ್ಲದೆ ಕಣ ದಾಟಿ ಹುಲ್ಲಿನ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು. ಪಕ್ಕದಲ್ಲಿ ಕೂತಿದ್ದ ಗಿರಿಜಾ ಮೊದಲು ಇಳಿದಳು. ನಾನು ತಲೆಯ ಮೇಲಿನ ಹುಲ್ಲು ಕೊಡವಿಕೊಳ್ಳುತ್ತ ಇಳಿದೆ. ಮಾವನವರು ಎದ್ದು ಬಂದು ದೀಪ ನೋಡಿದರು, ಬಂಪರ್ ನೋಡಿದರು, ಗಾಲಿ ಒತ್ತಿ ನೋಡಿದರು. ಆಮೇಲೆ ಅಷ್ಟೇ ಸಾವಧಾನವಾಗಿ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು.

"ಗಾಡಿಗೆ ಏನೂ ಆಗಿಲ್ಲ ಗಿರಿಜವ್ವ, ಗಟ್ಟಿ ಮಾಲು" ಎಂದರು. "ಅಳಿಯಂದ್ರನ್ನ ಮಾತ್ರ ಇನ್ನೊಂದಿಷ್ಟು ದಿನ ಓಡಿಸಿ ನೋಡಬೇಕು."

ಗಿರಿಜಾ ಅಪ್ಪನ ಮಾತು ಮೀರುವವಳಲ್ಲ. ನನ್ನ ಕೈಯಿಂದ ಕೀಲಿ ತೆಗೆದುಕೊಂಡಳು. ನಾನು ಹಿಂದಿನ ಸೀಟಿಗೆ ಹೋಗಿ ಕೂತೆ.